ನಿಂತ ಕಾರಿನ ಟೈರಿಗೆ ವಯಸ್ಸೆಷ್ಟು?

ಮೀಟರ್ ಓಡಿಲ್ಲ, ಗ್ರಿಪ್ ಸವೆದಿಲ್ಲ, ಪಂಕ್ಚರ್ ಕೂಡ ಆಗಿಲ್ಲ. ಆದರೂ ವರ್ಷಕ್ಕೆರಡು ಸಲ ಊರಿಗೆ ಹೋಗುವ ಕಾರಿನ ಟೈರು ಹೆದ್ದಾರಿಯಲ್ಲಿ ಕೈಕೊಡಬಹುದು. ಅದರ ಜಾತಕ ಅದರ ಮೈಮೇಲೆಯೇ ಇದೆ, ನಾಲ್ಕೇ ಅಂಕಿಗಳಲ್ಲಿ.

ಆಯುಧಪೂಜೆಯ ಬೆಳಿಗ್ಗೆ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದರೂ ಒಂದೇ ಸಡಗರ. ಬಕೆಟ್ಟು, ಪೈಪು, ಒದ್ದೆ ಬಟ್ಟೆ. ವೈಪರಿಗೆ ಚೆಂಡುಹೂವಿನ ಹಾರ ಸಿಕ್ಕಿಸುವವರು, ಬಾನೆಟ್ಟಿನ ಮೇಲೆ ವಿಭೂತಿ ಎಳೆಯುವವರು, ಬಾಳೆಕಂದು ಕಟ್ಟಲು ದಾರ ಹುಡುಕುವ ಮಕ್ಕಳು. ಮೂಲೆಯ ಕಂಬದ ಪಕ್ಕ ತಿಂಗಳುಗಟ್ಟಲೆ ಕವರ್ ಹೊದ್ದು ನಿಂತಿದ್ದ ಕಾರಿನ ಮುಸುಕು ಅಂದು ಸರಿಯುತ್ತದೆ. ದೂಳು ಕೊಡವಿ, ಪಕ್ಕದ ಗಾಡಿಯಿಂದ ಜಂಪರ್ ಕೇಬಲ್ ಹಾಕಿ ಬ್ಯಾಟರಿಗೆ ಜೀವ ಬರಿಸಿ, ಟೈರುಗಳಿಗೆ ಕಪ್ಪು ಪಾಲಿಶ್ ಬಳಿದರೆ ಗಾಡಿ ಶೋರೂಮಿನಿಂದ ಆಗಷ್ಟೇ ಬಂದಂತೆ ಮಿಂಚುತ್ತದೆ. ಬೂದುಗುಂಬಳ ಒಡೆದು, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು, ಗೇರ್ ಹಾಕಿ ಮೆಲ್ಲಗೆ ಮುಂದೆ ಬಿಟ್ಟರೆ ಪಚಕ್ಕೆಂದು ರಸ ಚಿಮ್ಮುತ್ತದೆ.

ಆ ನಿಂಬೆಹಣ್ಣಿನಿಂದ ಗೇಣುದ್ದ ಮೇಲೆ, ಟೈರಿನ ಸೈಡ್‌ವಾಲ್‌ನಲ್ಲಿ, ಉದ್ದನೆಯ ಅಂಡಾಕಾರದ ಗೂಡಿನೊಳಗೆ ನಾಲ್ಕು ಅಂಕಿಗಳು ಉಬ್ಬಿ ನಿಂತಿವೆ. 2316 ಎಂದಿದ್ದರೆ ಆ ಟೈರು ಕಾರ್ಖಾನೆಯಿಂದ ಹೊರಬಿದ್ದದ್ದು 2016ರ 23ನೇ ವಾರ, ಅಂದರೆ ಜೂನ್ ಆರಂಭದಲ್ಲಿ. ಕುಂಕುಮ ಇಟ್ಟ ಕೈ ಅದರ ಮೇಲೆಯೇ ಹಾದುಹೋಗಿರುತ್ತದೆ, ಕಣ್ಣು ಮಾತ್ರ ಅಲ್ಲಿ ನಿಲ್ಲುವುದಿಲ್ಲ.

ಮಾರನೇ ದಿನ ಅದೇ ಕಾರು ಐದು ಜನರನ್ನೂ ಡಿಕ್ಕಿ ತುಂಬ ಲಗೇಜನ್ನೂ ಹೇರಿಕೊಂಡು ಹೆದ್ದಾರಿಗೆ ಇಳಿಯುತ್ತದೆ. ತಿಂಗಳುಗಟ್ಟಲೆ ಅಲುಗಾಡದ ಟೈರಿಗೆ ಒಂದೇ ದಿನದಲ್ಲಿ ಪೂರ್ತಿ ಭಾರ, ಪೂರ್ತಿ ವೇಗ, ಪೂರ್ತಿ ಬಿಸಿ. ಅಪರೂಪಕ್ಕೆ ಓಡುವ ಕಾರಿನ ನಿಜವಾದ ಅಪಾಯ ಇರುವುದು ಇಲ್ಲಿ.

ಇಂಥ ಕಾರುಗಳ ಸಂಖ್ಯೆ ಈಗ ಸಣ್ಣದಲ್ಲ. 2018–19ರಲ್ಲಿ ಕೊಂಡ ಗಾಡಿಗಳು 2020ರ ಲಾಕ್‌ಡೌನಿನಲ್ಲಿ ನಿಂತವು. ಆಮೇಲೆ ಕಚೇರಿ ಮನೆಗೇ ಬಂತು, ಮನೆ ಹತ್ತಿರ ಮೆಟ್ರೊ ಬಂತು, ದಿನದ ಓಡಾಟಕ್ಕೆ ಸ್ಕೂಟರೇ ಸಾಕಾಯಿತು. ಮಕ್ಕಳು ಅಮೆರಿಕದಿಂದಲೋ ದುಬೈಯಿಂದಲೋ ದುಡ್ಡು ಕಳಿಸಿ ಕೊಡಿಸಿದ ಕಾರು ಮೈಸೂರಿನಲ್ಲೊ ಶಿವಮೊಗ್ಗದಲ್ಲೊ ಅಪ್ಪ ಅಮ್ಮನ ಆಸ್ಪತ್ರೆ, ಮದುವೆಮನೆಗಳಿಗಷ್ಟೇ ಹೊರಡುತ್ತದೆ. ಮೀಟರಿನಲ್ಲಿ ಇಪ್ಪತ್ತು ಸಾವಿರ ಕಿ.ಮೀ. ಕೂಡ ಆಗಿಲ್ಲವೆಂಬ ಸಮಾಧಾನ ಎಲ್ಲರಿಗೂ ಇದೆ. ಟೈರಿಗೆ ಮಾತ್ರ ಆ ಲೆಕ್ಕ ಅನ್ವಯಿಸುವುದಿಲ್ಲ.

ರಬ್ಬರು ಮುದಿಯಾಗುವ ಬಗೆ

ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟಾಗದೆ, ಚಳಿಗೆ ಬಿರಿಯದೆ ಗಟ್ಟಿಮುಟ್ಟಾಗಿ ನಿಲ್ಲುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಗಂಧಕ ಕೊಂಡಿ ಹಾಕುತ್ತದೆ. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಗುಣ ಬರುವುದು ಆ ಕೊಂಡಿಗಳಿಂದ. ಆದರೆ ಕಾರ್ಖಾನೆಯ ಅಚ್ಚಿನಿಂದ ಹೊರಬಂದ ಮೇಲೂ ರಬ್ಬರಿನ ರಸಾಯನಕ್ರಿಯೆ ನಿಲ್ಲುವುದಿಲ್ಲ. ಆಮ್ಲಜನಕ ಸೇರುತ್ತಾ ಹೋಗಿ ಕೆಲವು ಎಳೆಗಳು ತುಂಡಾಗುತ್ತವೆ, ಕೆಲವಕ್ಕೆ ಬೇಡದ ಕೊಂಡಿಗಳು ಬೀಳುತ್ತವೆ. ಬೀರುವಿನಲ್ಲಿ ಹಳೇ ಪತ್ರಗಳ ಕಟ್ಟಿಗೆ ಸುತ್ತಿಟ್ಟ ರಬ್ಬರ್‌ಬ್ಯಾಂಡನ್ನು ವರ್ಷಗಳ ಬಳಿಕ ಎಳೆದು ನೋಡಿದವರಿಗೆ ಇದರ ಕೊನೆ ಗೊತ್ತು.

ಹೊರಮೈಯ ಶತ್ರು ಓಝೋನ್. ಗಾಳಿಯಲ್ಲಿರುವ ಅತ್ಯಲ್ಪ ಪ್ರಮಾಣದ ಓಝೋನ್ ಕೂಡ ಹಿಗ್ಗಿ ನಿಂತ ರಬ್ಬರನ್ನು ಸೀಳುತ್ತದೆ. ಸೈಡ್‌ವಾಲ್‌ನಲ್ಲಿ ಕಾಣುವ ಕೂದಲೆಳೆಯಂಥ ಬಿರುಕುಗಳು ಅದರ ಗುರುತು. ಇದನ್ನು ತಡೆಯಲೆಂದೇ ತಯಾರಕರು ಟೈರಿನ ರಬ್ಬರಿಗೆ ಮೇಣವನ್ನೂ ರಕ್ಷಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟೈರು ಉರುಳುತ್ತಾ, ಬಾಗುತ್ತಾ, ಬಿಸಿಯಾಗುತ್ತಾ ಇದ್ದರೆ ಅವು ಒಳಗಿನಿಂದ ಜಿನುಗಿ ಮೇಲ್ಮೈಗೆ ಪದರ ಕಟ್ಟುತ್ತವೆ. ದಿನವೂ ಓಡುವ ಗಾಡಿಯ ಟೈರು ಹೀಗೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ನಿಂತಲ್ಲೇ ನಿಂತ ಟೈರಿಗೆ ಆ ಭಾಗ್ಯವಿಲ್ಲ.

ಇನ್ನೊಂದು ಶತ್ರು ಒಳಗೇ ಇದೆ, ಅದು ಹೆಚ್ಚು ಅಪಾಯಕಾರಿ. ಈಗಿನ ರೇಡಿಯಲ್ ಟೈರುಗಳಲ್ಲಿ ನೆಲ ಮುಟ್ಟುವ ಗ್ರಿಪ್ಪಿನ ಅಡಿಯಲ್ಲಿ ಸಣ್ಣ ತಂತಿಗಳಿಂದಾದ ಎರಡು ಉಕ್ಕಿನ ಪಟ್ಟಿಗಳಿರುತ್ತವೆ. ಒಂದಕ್ಕೊಂದು ಅವನ್ನು ಹಿಡಿದಿಡುವುದು ತೆಳುವಾದ ರಬ್ಬರ್ ಪದರ. 32 ಪಿಎಸ್‌ಐ ಗಾಳಿ ತುಂಬಿದ ಟೈರಿನೊಳಗೆ ಆಮ್ಲಜನಕ ಹೊರಗಿನದಕ್ಕಿಂತ ಹೆಚ್ಚುಕಡಿಮೆ ಮೂರುಪಟ್ಟು ದಟ್ಟವಾಗಿರುತ್ತದೆ. ಅದು ಹಗಲಿರುಳೂ ಒಳಗಿನಿಂದ ಹೊರಕ್ಕೆ ನುಸುಳುತ್ತಾ ದಾರಿಯಲ್ಲಿ ಈ ಪದರವನ್ನು ಒಣಗಿಸುತ್ತದೆ. ಮೊದಲು ಸಡಿಲವಾಗುವುದು ಪಟ್ಟಿಗಳ ಅಂಚು. ಆ ಬಿರುಕು ಹೊರಗಿನ ಕಣ್ಣಿಗೆ ಕಾಣುವುದಿಲ್ಲ. ಒಂದು ದಿನ ವೇಗ, ಬಿಸಿ, ಭಾರ ಮೂರೂ ಒಟ್ಟಿಗೆ ಸೇರಿದಾಗ ಗ್ರಿಪ್ಪಿನ ಪಟ್ಟಿ ಸಿಪ್ಪೆಯಂತೆ ಕಳಚಿ ಹೋಗುತ್ತದೆ. ಜನ ಅದನ್ನು ‘ಟೈರ್ ಬರ್ಸ್ಟ್’ ಎನ್ನುತ್ತಾರೆ. ಅದು ವರ್ಷಗಳಿಂದ ಒಳಗೊಳಗೇ ನಡೆಯುತ್ತಿದ್ದುದರ ಕೊನೆಯ ಕ್ಷಣ.

ಹುಡುಗನಿಗಿಂತ ಹಿರಿಯ ಟೈರು

2012ರ ಸೆಪ್ಟೆಂಬರ್ 10ರ ರಾತ್ರಿ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಬೆಸ್ಟಿವಲ್ ಸಂಗೀತೋತ್ಸವ ಮುಗಿಸಿ ಯುವಕ ಯುವತಿಯರು ಬಸ್ಸಿನಲ್ಲಿ ಲಿವರ್‌ಪೂಲ್ ಕಡೆಗೆ ಹೊರಟಿದ್ದರು. ಸರ್ರಿ ಪ್ರಾಂತದ ಹೈಂಡ್‌ಹೆಡ್ ಬಳಿ ಬಸ್ಸಿನ ಮುಂಗಾಲಿ ಟೈರು ಒಡೆಯಿತು. ಬಸ್ಸು ರಸ್ತೆ ಬಿಟ್ಟು ಮರಕ್ಕೆ ಅಪ್ಪಳಿಸಿತು. ಚಾಲಕನೂ ಇಬ್ಬರು ಪ್ರಯಾಣಿಕರೂ ಸತ್ತರು. ಅವರಲ್ಲೊಬ್ಬ ಮೈಕೆಲ್ ಮೊಲಾಯ್, 18 ವರ್ಷದ ಹುಡುಗ.

ತನಿಖೆಯಲ್ಲಿ ಹೊರಬಿದ್ದ ಸಂಗತಿ ಆ ದೇಶವನ್ನೇ ಬೆಚ್ಚಿಬೀಳಿಸಿತು. ಒಡೆದ ಟೈರಿಗೆ ಹತ್ತೊಂಬತ್ತೂವರೆ ವರ್ಷ, ಮೈಕೆಲ್‌ಗಿಂತ ಹಿರಿಯದು. ಗ್ರಿಪ್ ಕಾನೂನಿಗೆ ಸಾಲುವಷ್ಟು ಇತ್ತು. ಅಷ್ಟು ಹಳೆಯ ಟೈರನ್ನು ಬಳಸುವುದು ಆಗ ಅಪರಾಧವೂ ಆಗಿರಲಿಲ್ಲ.

ಮೈಕೆಲ್‌ನ ತಾಯಿ ಫ್ರಾನ್ಸಿಸ್ ಮೊಲಾಯ್ ಸುಮ್ಮನೆ ಕೂರಲಿಲ್ಲ. ಹಳೆಯ ಟೈರುಗಳನ್ನು ನಿಷೇಧಿಸಬೇಕೆಂದು ‘ಟೈರ್ಡ್’ ಹೆಸರಿನ ಅಭಿಯಾನ ಹೂಡಿ ವರ್ಷಗಟ್ಟಲೆ ಸಂಸದರ, ಸಚಿವರ ಬಾಗಿಲು ತಟ್ಟಿದರು. ಕೊನೆಗೆ 2021ರ ಫೆಬ್ರುವರಿ 1ರಿಂದ ಲಾರಿ ಮತ್ತು ಬಸ್ಸುಗಳ ಮುಂದಿನ ಚಕ್ರಗಳಿಗೆ, ಮಿನಿಬಸ್ಸುಗಳ ಒಂಟಿ ಚಕ್ರಗಳಿಗೆ ಹತ್ತು ವರ್ಷ ಮೀರಿದ ಟೈರು ಹಾಕುವುದನ್ನು ಬ್ರಿಟನ್ ನಿಷೇಧಿಸಿತು. ಒಬ್ಬ ತಾಯಿಯ ಹಟಕ್ಕೆ ಕಾನೂನು ಮಣಿಯಲು ಎಂಟು ವರ್ಷ ಹಿಡಿಯಿತು. ಖಾಸಗಿ ಕಾರುಗಳು ಮಾತ್ರ ಆ ನಿಷೇಧದ ಆಚೆಗೇ ಉಳಿದವು. ಅಲ್ಲಿ ತೀರ್ಮಾನ ಮಾಲೀಕನದೇ.

ಆ ಬಸ್ಸು ಅಪಘಾತದ ಮರುವರ್ಷ, 2013ರ ನವೆಂಬರ್ 30ರಂದು, ಹಾಲಿವುಡ್ ನಟ ಪಾಲ್ ವಾಕರ್ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ಸತ್ತದ್ದು ಎಲ್ಲರಿಗೂ ಗೊತ್ತು. ಗೆಳೆಯ ಓಡಿಸುತ್ತಿದ್ದ ಪೋರ್ಶೆ ಕರೆರಾ ಜಿಟಿ ಕಂಬಕ್ಕೂ ಮರಗಳಿಗೂ ಬಡಿದು ಹೊತ್ತಿ ಉರಿಯಿತು. ಅತಿವೇಗವೇ ಕಾರಣವೆಂದು ತನಿಖಾಧಿಕಾರಿಗಳು ಸ್ಪಷ್ಟವಾಗಿ ಹೇಳಿದರು. ಅದರ ಜೊತೆಗೆ ಅವರು ದಾಖಲಿಸಿದ ಇನ್ನೊಂದು ಸಂಗತಿ ಅಷ್ಟಾಗಿ ಸುದ್ದಿಯಾಗಲಿಲ್ಲ. ಕಾರಿನ ಟೈರುಗಳಿಗೆ ಒಂಬತ್ತು ವರ್ಷ ದಾಟಿತ್ತು, ಅದು ಗಾಡಿಯ ಹಿಡಿತವನ್ನು ಕೆಡಿಸಿರಬಹುದು ಎಂಬುದು. ಹಳೆಯ ಟೈರು ಒಡೆಯಲೇಬೇಕೆಂದಿಲ್ಲ. ಗಡುಸಾದ ರಬ್ಬರು ರಸ್ತೆಯನ್ನು ಹಿಡಿಯದೆ ಜಾರಿದರೂ ಸಾಕು. ಆಷಾಢದ ಮಳೆಯಲ್ಲಿ ಚಾರ್ಮಾಡಿ ಘಾಟಿಯ ತಿರುವು ಇಳಿಯುವವರಿಗೆ ಒಡೆಯುವ ಟೈರಿಗಿಂತ ಜಾರುವ ಟೈರಿನ ಭಯವೇ ದೊಡ್ಡದು.

ಅಂಕಿ ಓದುವುದು ಹೀಗೆ

ಸೈಡ್‌ವಾಲ್‌ನಲ್ಲಿ ‘ಡಿಒಟಿ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲು ಹುಡುಕಿ. ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 4119 ಎಂದರೆ 2019ರ 41ನೇ ವಾರ.

ಹಲವು ಟೈರುಗಳಲ್ಲಿ ಈ ಸಾಲು ಒಂದೇ ಬದಿಗೆ ಇರುತ್ತದೆ. ಹೊರಗೆ ಕಾಣದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನ ಚಕ್ರದ ಒಳಬದಿ ನೋಡಿ. ಹಿಂದಿನದಕ್ಕೆ ಗಾಡಿಯನ್ನು ಅಲೈನ್‌ಮೆಂಟ್ ಅಂಗಡಿಯ ಲಿಫ್ಟ್‌ ಮೇಲೇರಿಸಬೇಕು.

ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು. ಹಳೇ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್‌ಗಳನ್ನು ಅಕ್ಕರೆಯಿಂದ ಇಟ್ಟುಕೊಂಡವರು ಇದನ್ನು ಮೊದಲು ನೋಡಲಿ.

ಬಿಸಿಲೂರಿನ ಲೆಕ್ಕವೇ ಬೇರೆ

2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ರಸ್ತೆಯಲ್ಲಿದ್ದ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಯಬೇಕಾಯಿತು. ಮುಖ್ಯವಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಟೈರುಗಳ ಗ್ರಿಪ್ ಪಟ್ಟಿ ಓಟದ ನಡುವೆಯೇ ಕಳಚಿ, ವಾಹನಗಳು ಪಲ್ಟಿಯಾಗಿದ್ದವು. ಅಧಿಕೃತ ಲೆಕ್ಕದಲ್ಲೇ 271 ಸಾವು. ಅಲ್ಲಿದ್ದದ್ದು ಟೈರಿನದೇ ದೋಷ, ವಯಸ್ಸಿನದಲ್ಲ. ಆದರೆ ವಾಪಸಾತಿ ಮೊದಲು ಶುರುವಾದದ್ದು ಅರಿಜೋನಾ, ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಟೆಕ್ಸಾಸ್ ರಾಜ್ಯಗಳಲ್ಲಿ. ಎಲ್ಲವೂ ಬಿಸಿಲ ನಾಡುಗಳು.

ಆ ದುರಂತದ ಬಳಿಕ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸುರಕ್ಷತಾ ಆಡಳಿತ ಟೈರಿನ ಮುಪ್ಪನ್ನೇ ಅಧ್ಯಯನಕ್ಕೆ ಎತ್ತಿಕೊಂಡಿತು. ಅರಿಜೋನಾದ ಫೀನಿಕ್ಸ್ ನಗರದ ಕಾರುಗಳಿಂದ ಟೈರುಗಳನ್ನು ಬಿಚ್ಚಿ ತರಿಸಿ ಪರೀಕ್ಷಿಸಿತು. ಒಂದು ದೊಡ್ಡ ವಿಮಾ ಕಂಪನಿಯ ದಾಖಲೆಗಳಿಂದ ಅದಕ್ಕೆ ಸಿಕ್ಕ ಚಿತ್ರ ಹೀಗಿತ್ತು: ಐದು ಬಿಸಿ ರಾಜ್ಯಗಳಲ್ಲಿದ್ದ ಗ್ರಾಹಕರು ಶೇ 27 ಮಾತ್ರ, ಆದರೆ ಟೈರಿಗೆ ಸಂಬಂಧಿಸಿದ ಕ್ಲೇಮುಗಳಲ್ಲಿ ಶೇ 77 ಬಂದದ್ದು ಅವರಿಂದಲೇ. ಹಾಗೆ ಬಂದ ಕ್ಲೇಮುಗಳಲ್ಲಿ ಶೇ 84ರಷ್ಟು ಆರು ವರ್ಷ ಮೀರಿದ ಟೈರುಗಳದ್ದು.

ರಸಾಯನಕ್ರಿಯೆಯ ವೇಗ ಪ್ರತಿ 10 ಡಿಗ್ರಿಗೆ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಪ್ರಯೋಗಾಲಯಗಳ ಸ್ಥೂಲ ಲೆಕ್ಕ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಬೀದಿಬದಿಯಲ್ಲಿ ನಿಂತ ಕಾರಿಗೂ ಮಡಿಕೇರಿಯ ಶೆಡ್ಡಿನೊಳಗಿನ ಕಾರಿಗೂ ಒಂದೇ ಗಡುವು ಹೇಳುವುದು ಹೀಗಾಗಿ ತಪ್ಪು. ಬಿಸಿಲ ನಾಡಿನ ನಾಲ್ಕೈದು ವರ್ಷ ತಂಪು ಊರಿನ ಏಳೆಂಟು ವರ್ಷಕ್ಕೆ ಸಮನಾಗಬಹುದು. ಒಂದೇ ಕಾರಿನಲ್ಲಿಯೂ ಸದಾ ಬಿಸಿಲಿಗೆ ಒಡ್ಡಿದ ಬದಿಯ ಟೈರು ನೆರಳಿನ ಬದಿಯದಕ್ಕಿಂತ ಬೇಗ ಬಿರಿಯುವುದುಂಟು.

ಆರೋ, ಹತ್ತೋ?

ಈ ಪ್ರಶ್ನೆಗೆ ಉದ್ಯಮದಲ್ಲಿಯೇ ಒಮ್ಮತವಿಲ್ಲ. ಗ್ರಿಪ್ ಎಷ್ಟೇ ಇರಲಿ, ಆರು ವರ್ಷಕ್ಕೆ ಬದಲಿಸಿ ಎನ್ನುತ್ತವೆ ಫೋರ್ಡ್, ಮರ್ಸಿಡಿಸ್‌ನಂಥ ಕಾರು ತಯಾರಕರು. ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷೆ, ಹತ್ತಕ್ಕೆ ಕಡ್ಡಾಯ ವಿದಾಯ ಎನ್ನುತ್ತದೆ ಟೈರು ತಯಾರಕ ಮಿಶೆಲಿನ್. ಜರ್ಮನಿಯಲ್ಲಿ ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗಲು ಅನುಮತಿ ಬೇಕಿದ್ದರೆ ಟ್ರೇಲರಿನ ಟೈರು ಆರು ವರ್ಷದೊಳಗಿರಬೇಕು. ವರ್ಷದ ಬಹುಪಾಲು ನಿಂತೇ ಇರುವ, ಹೊರಟಾಗ ಭಾರ ಹೊತ್ತೇ ಹೊರಡುವ ವಾಹನ ಟ್ರೇಲರು. ನಮ್ಮ ಬೇಸ್‌ಮೆಂಟಿನ ಕಾರಿಗೆ ಹತ್ತಿರದ ಉದಾಹರಣೆ ಇದೇ.

ಭಾರತದ ಮೋಟಾರು ವಾಹನ ನಿಯಮಗಳು ನೋಡುವುದು ಗ್ರಿಪ್ಪಿನ ಆಳವನ್ನು, ವಯಸ್ಸನ್ನಲ್ಲ. ಕಾರಿನ ಟೈರಿನಲ್ಲಿ ಅದು 1.6 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಗೀರುಗಳ ನಡುವೆ ಅಡ್ಡಲಾಗಿ ಕಾಣುವ ಸಣ್ಣ ದಿಬ್ಬಗಳು ಇರುವುದು ಅದನ್ನು ಹೇಳಲಿಕ್ಕೆ. ದಿನವೂ ಓಡುವ ಗಾಡಿಗೆ ಈ ಅಳತೆ ಸಾಕು, ಅದರ ಟೈರು ಮುದಿಯಾಗುವ ಮೊದಲೇ ಸವೆದುಹೋಗಿರುತ್ತದೆ. ನಿಂತ ಗಾಡಿಯ ವಿಷಯದಲ್ಲಿ ಈ ಅಳತೆಯೇ ಮೋಸ ಮಾಡುತ್ತದೆ.

ಕರ್ನಾಟಕದ ಹವೆಗೆ, ಇಲ್ಲಿನ ಬಳಕೆಗೆ ಹೊಂದುವ ತೀರ್ಮಾನ ಇದು. ಐದು ವರ್ಷದವರೆಗೆ ಕಣ್ಣಿಟ್ಟಿದ್ದರೆ ಸಾಕು. ಆಮೇಲೆ ವರ್ಷಕ್ಕೊಮ್ಮೆ, ಲಿಫ್ಟ್ ಮೇಲೆ, ಒಳಬದಿ ಸಮೇತ ಪರೀಕ್ಷೆ. ಆರು ದಾಟಿದ ಟೈರಿನ ಕಾರು ಕುಟುಂಬವನ್ನು ಹೊತ್ತು ಹೆದ್ದಾರಿಗೆ ಹೋಗುವುದಾದರೆ ಬಿರುಕು ಕಾಣದಿದ್ದರೂ ಟೈರು ಬದಲಿಸುವುದೇ ಸರಿ. 119 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ದಶಪಥದಲ್ಲಿ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಡೆಬಿಡದೆ ಓಡುತ್ತದೆ. ಹಿಂದೆ ರಾಮನಗರ, ಚನ್ನಪಟ್ಟಣದ ಟ್ರಾಫಿಕ್ಕಿನಲ್ಲಿ ಟೈರಿಗೆ ಸಿಗುತ್ತಿದ್ದ ಬಿಡುವು ಈಗಿಲ್ಲ. ನೆರಳಿನಲ್ಲಿ ನಿಂತು, ದೇವಸ್ಥಾನಕ್ಕೂ ತರಕಾರಿ ಮಾರುಕಟ್ಟೆಗೂ ಮಾತ್ರ ಹೋಗಿಬರುವ ಕಾರು ಪರೀಕ್ಷೆಯಲ್ಲಿ ಪಾಸಾಗುತ್ತಾ ಇನ್ನೊಂದೆರಡು ವರ್ಷ ನಡೆಯಬಹುದು. ಹತ್ತಾದ ಮೇಲೆ ಮಾತೇ ಇಲ್ಲ. ಸಣ್ಣ ಕಾರಿನ ನಾಲ್ಕು ಟೈರಿಗೆ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ರೂಪಾಯಿ ಆದೀತು. ಓಡದ ಗಾಡಿಗೆ ಅಷ್ಟು ಸುರಿಯಬೇಕೆ ಎಂದು ಹಿಂಜರಿಯುವ ಮನೆಗಳು ಬಹಳ. ಆದರೆ ಆ ಗಾಡಿ ಹೊರಡುವ ಎರಡು ದಿನಗಳಂದು ಮನೆಮಂದಿಯೆಲ್ಲ ಅದರೊಳಗೇ ಇರುತ್ತಾರೆ.

ಕಣ್ಣು, ಕೈ, ಕಿವಿ

ಪರೀಕ್ಷೆಗೆ ಮುನ್ನ ಪಾಲಿಶ್ ಹೋಗುವಂತೆ ಸೋಪುನೀರಿನಲ್ಲಿ ಟೈರು ತೊಳೆಯಬೇಕು. ಬಿರುಕನ್ನು ಮುಚ್ಚಿಡುವುದರಲ್ಲಿ ಆ ಕಪ್ಪು ಹೊಳಪಿನಷ್ಟು ಸಮರ್ಥವಾದುದು ಬೇರೊಂದಿಲ್ಲ.

ಆಮೇಲೆ ಒಳ್ಳೆಯ ಬೆಳಕಿನಲ್ಲಿ ನೋಡಬೇಕಾದ ಜಾಗ ಮೂರು. ಸೈಡ್‌ವಾಲ್, ಗ್ರಿಪ್ಪಿನ ಗೀರುಗಳ ತಳ, ರಿಮ್ಮಿಗೆ ಟೈರು ಕೂರುವ ಅಂಚು. ಸೈಡ್‌ವಾಲ್‌ನ ತೀರಾ ನವಿರಾದ ಗೆರೆಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ, ಗೀರಿನ ತಳ ಉದ್ದಕ್ಕೂ ಸೀಳಿದ್ದರೆ, ಒಳಗಿನ ನೂಲು ಇಣುಕಿದರೆ ಆ ಟೈರಿನ ಕೆಲಸ ಮುಗಿಯಿತು. ಎಲ್ಲಾದರೂ ಉಬ್ಬು ಕಂಡರೆ ವಯಸ್ಸು ಎರಡೇ ವರ್ಷವಿದ್ದರೂ ಆ ಟೈರು ಬೇಡ, ಒಳಗಿನ ಎಳೆಗಳು ತುಂಡಾಗಿರುತ್ತವೆ. ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗದೆ ಪ್ಲಾಸ್ಟಿಕ್ಕಿನಂತೆ ಕಟಕಟ ಎನ್ನುವ ಗ್ರಿಪ್ ಮಳೆಯಲ್ಲಿ ನಂಬಿಕೆಗೆ ಅರ್ಹವಲ್ಲ. ಗಡಸುತನ ಅಳೆಯಲು ಡ್ಯೂರೊಮೀಟರ್ ಎಂಬ ಪುಟ್ಟ ಉಪಕರಣವಿದೆ, ಆದರೆ ಎಲ್ಲ ಅಂಗಡಿಗಳಲ್ಲೂ ಅದು ಸಿಗದು.

ಓಡಿಸುವಾಗ ಸಿಗುವ ಸುಳಿವುಗಳೂ ಇವೆ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಟೈರಿನ ತಳ ಭಾರಕ್ಕೆ ಚಪ್ಪಟೆಯಾಗಿ, ಹೊರಟಾಗ ಗಾಡಿ ಧಡ್ ಧಡ್ ಎನ್ನುತ್ತದೆ. ಇಪ್ಪತ್ತು ಮೂವತ್ತು ಕಿ.ಮೀ. ಓಡಿ ಬಿಸಿಯಾದ ಮೇಲೆ ಆ ಅದುರು ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಚಪ್ಪಟೆ ಶಾಶ್ವತವಾಗಿದೆ ಎಂದೋ, ಒಳಗಿನ ಪಟ್ಟಿ ಬಿಡುತ್ತಿದೆ ಎಂದೋ ಅರ್ಥ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ ಅದುರು, ದಿನೇ ದಿನೇ ಜೋರಾಗುವ ಗುಂಯ್ ಸದ್ದು, ಒಂದೇ ಟೈರಿನಲ್ಲಿ ಪದೇ ಪದೇ ಇಳಿಯುವ ಗಾಳಿ ಕೂಡ ಅದೇ ಸೂಚನೆ.

ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನು ಯಾರೂ ನೆನೆಯುವುದಿಲ್ಲ. ಅದು ಉರುಳದಿದ್ದರೂ ಅದರೊಳಗೂ ಗಾಳಿ ಇದೆ, ಡಿಕ್ಕಿಯೂ ಬಿಸಿಲಿಗೆ ಕಾಯುತ್ತದೆ. ಕಾರು ಕೊಂಡ ದಿನದಿಂದ ನೆಲ ಕಾಣದ ಸ್ಟೆಪ್ನಿಗೆ ಕಾರಿನಷ್ಟೇ ವಯಸ್ಸು. ನಾಲ್ಕು ಟೈರು ಹೊಸದು ಹಾಕಿಸಿ, ಹನ್ನೆರಡು ವರ್ಷದ ಸ್ಟೆಪ್ನಿಯನ್ನು ‘ಹೊಚ್ಚಹೊಸದು’ ಎಂದು ನಂಬಿ ರಾತ್ರಿ ಹೆದ್ದಾರಿಯಲ್ಲಿ ಏರಿಸುವವರಿದ್ದಾರೆ. ಅನಿವಾರ್ಯವಾದರೆ ಹತ್ತಿರದ ಪಂಕ್ಚರ್ ಅಂಗಡಿವರೆಗೆ, ನಿಧಾನವಾಗಿ. ಅದಕ್ಕಿಂತ ಮುಂದಕ್ಕಲ್ಲ.

ಕಾರು ನಿಲ್ಲಿಸುವವರಿಗೆ

ಎಂಜಿನ್ ಮಾತ್ರ ಚಾಲೂ ಮಾಡಿ ಆಫ್ ಮಾಡಿದರೆ ಟೈರಿಗೆ ಏನೂ ಪ್ರಯೋಜನವಿಲ್ಲ. ಹದಿನೈದು ದಿನಕ್ಕೊಮ್ಮೆ ಹದಿನೈದಿಪ್ಪತ್ತು ಕಿ.ಮೀ. ಓಡಿಸಿ.

ತಿಂಗಳಿಗೊಮ್ಮೆ ಗಾಳಿ ನೋಡಿಸಿ. ನಿಂತ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುತ್ತದೆ. ಕಡಿಮೆ ಗಾಳಿಯ ಟೈರು ಹೆಚ್ಚು ಬಾಗುತ್ತದೆ, ಹೆಚ್ಚು ಕಾಯುತ್ತದೆ.

ನೈಟ್ರೋಜನ್ ತುಂಬಿಸಿದರೆ ಒಳಗಿನ ಆಮ್ಲಜನಕ ಕಡಿಮೆಯಾಗುವುದು ನಿಜ. ಆದರೆ ಹಳೆಯ ಟೈರನ್ನು ಅದು ಹೊಸದು ಮಾಡದು.

ಕಿಡಿ ಹಾರುವ ಮೋಟಾರು, ವೆಲ್ಡಿಂಗ್ ಯಂತ್ರಗಳು ಓಝೋನ್ ಹೊಮ್ಮಿಸುತ್ತವೆ. ಅವುಗಳ ಪಕ್ಕದಲ್ಲಿ ಗಾಡಿ ನಿಲ್ಲಿಸಬೇಡಿ.

ಟೈರಿಗೆ ಮಾತ್ರ ಹಾನಿಯಾಗಿ ಗಾಡಿಗೆ ಏನೂ ಆಗದಿದ್ದರೆ ಸಾಮಾನ್ಯ ಮೋಟಾರು ವಿಮೆ ಹಣ ಕೊಡುವುದಿಲ್ಲ. ಗಾಡಿಗೂ ಹಾನಿಯಾಗಿದ್ದರೆ ಟೈರಿನ ಬೆಲೆಯ ಅರ್ಧದವರೆಗೆ.

ಹೊಸದು ಹಾಕಿಸುವಾಗ

ಅಂಗಡಿಯಲ್ಲಿ ಟೈರು ರಿಮ್ಮಿಗೆ ಏರುವ ಮುಂಚೆಯೇ ಅದೇ ನಾಲ್ಕು ಅಂಕಿಯನ್ನು ಓದಬೇಕು. ಗೋದಾಮಿನ ನೆರಳಿನಲ್ಲಿದ್ದ ಕೆಲವು ತಿಂಗಳ ಹಿಂದಿನ ಟೈರಿನಿಂದ ತೊಂದರೆಯಿಲ್ಲ. ಮೂರು ವರ್ಷದ ಹಳೆಯ ಸ್ಟಾಕನ್ನು ಹೊಸ ಬೆಲೆಗೆ ಕೊಂಡರೆ, ಕಮ್ಮಿ ಓಡುವ ಕಾರಿನವರಿಗೆ ಸಿಗುವ ಆಯಸ್ಸಿನಲ್ಲಿ ಅರ್ಧ ಮೊದಲೇ ಕಳೆದುಹೋಗಿರುತ್ತದೆ. ಟೈರಿನ ಜೊತೆ ವಾಲ್ವನ್ನೂ ಬದಲಿಸಲು ಹೇಳಬೇಕು, ಅದೂ ರಬ್ಬರೇ.

ಸದ್ಯಕ್ಕೆ ಎರಡಕ್ಕೆ ಮಾತ್ರ ದುಡ್ಡಿದೆ ಎಂದಾದರೆ ಆ ಎರಡು ಹೊಸ ಟೈರು ಹಿಂದಿನ ಚಕ್ರಗಳಿಗೆ ಹೋಗಬೇಕು, ಮುಂದಿನ ಚಕ್ರವೇ ಗಾಡಿಯನ್ನು ಎಳೆಯುವ ಕಾರಾದರೂ ಸರಿ. ಮುಂದಿನದು ಜಾರಿದರೆ ವೇಗ ತಗ್ಗಿಸಿ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ, ಅನುಭವಿ ಚಾಲಕನಿಗೂ ಅದು ಕೈಗೆ ಸಿಗುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರಿಗೂ ಇದೇ ನಾಲ್ಕಂಕಿ ಉಪಯೋಗಕ್ಕೆ ಬರುತ್ತದೆ. ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು, ಬರೀ 22 ಸಾವಿರ ಕಿ.ಮೀ.’ ಎಂಬ ಜಾಹೀರಾತಿನ ಕಾರಿಗೆ ಎಂಟು ವರ್ಷವಾಗಿದ್ದು ಟೈರು ಕಂಪನಿಯಿಂದ ಬಂದದ್ದೇ ಆಗಿದ್ದರೆ, ಐದು ಟೈರಿನ ಬೆಲೆಯನ್ನು ಚೌಕಾಸಿಗೆ ಸೇರಿಸಿಕೊಳ್ಳಬೇಕು. ಕಾರಿಗೆ ಎಂಟು, ಟೈರಿಗೆ ಎರಡು ವರ್ಷ, ಮೀಟರಿನಲ್ಲಿ ಮಾತ್ರ 22 ಸಾವಿರ ಎಂದಿದ್ದರೆ ಟೈರು ಯಾಕೆ ಬದಲಾಯಿತು ಎಂದು ಕೇಳುವುದು ಒಳ್ಳೆಯದು.

ಉಳಿಯುವುದು ಬಿಚ್ಚಿದ ಹಳೆಯ ಟೈರುಗಳ ವಿಚಾರ. ಗ್ರಿಪ್ ತುಂಬಿರುವುದರಿಂದ ಅವಕ್ಕೆ ಹಳೇ ಟೈರಿನ ವ್ಯಾಪಾರದಲ್ಲಿ ಬೇಡಿಕೆ ಇದೆ. ತೊಳೆದು, ಪಾಲಿಶ್ ಹಾಕಿ ಇಟ್ಟರೆ ‘ಎಂಬತ್ತು ಪರ್ಸೆಂಟ್ ಇದೆ’ ಎನ್ನುವ ಮಾತಿಗೆ ಮರುಳಾಗಿ ಬಾಡಿಗೆ ಗಾಡಿಯ ಚಾಲಕನೊಬ್ಬ ಅದನ್ನು ಕೊಳ್ಳುತ್ತಾನೆ. ದಿನಕ್ಕೆ ಇನ್ನೂರು ಮುನ್ನೂರು ಕಿ.ಮೀ. ಅದರ ಮೇಲೆ ಪ್ರಯಾಣಿಕರನ್ನು ಕೂರಿಸಿ ಓಡುತ್ತಾನೆ. ಎಕ್ಸ್‌ಚೇಂಜಿನಲ್ಲಿ ಸಿಗುವ ಕೆಲವು ನೂರು ರೂಪಾಯಿಯ ಆಸೆ ಬಿಟ್ಟು, ಅಂಗಡಿಯಿಂದ ಹೊರಡುವ ಮುಂಚೆ ತಮ್ಮ ಕಣ್ಣೆದುರೇ ಆ ಟೈರುಗಳ ಸೈಡ್‌ವಾಲನ್ನು ಬ್ಲೇಡಿನಿಂದ ಅಡ್ಡಡ್ಡ ಸೀಳಿಸಿಬಿಡಬೇಕು. ಸ್ಟೆಪ್ನಿಯದನ್ನೂ ಸೇರಿಸಿ.